ಬುಕರ್ ಟಿ. ವಾಷಿಂಗ್ಟನ್ ಮತ್ತು ಆರೋಗ್ಯ ಸಪ್ತಾಹ

ದಾಸ್ಯದಲ್ಲಿ ಹುಟ್ಟಿ ಸ್ವಪ್ರಯತ್ನದಿಂದ ಮೇಲೆ ಬಂದ ಮಹನೀಯರ ಸಾಲಿನಲ್ಲಿ ಅಮೇರಿಕದ ಬುಕರ್ ಟಿ. ವಾಷಿಂಗ್ಟನ್ನರ ಹೆಸರನ್ನು ಕೇಳದ ಓದುಗರು ವಿರಳ. ಅವರು ಕಟ್ಟಿದ ಟಸ್ಕೀಗಿ ವಿದ್ಯಾಸಂಸ್ಥೆಯ ಕಥೆಯನ್ನು ಅಧ್ಯಾಪಕರಾದ ನಾವು ಮಕ್ಕಳಿಗೆ ಹೇಳುವುದುಂಟು. ಆದರೆ ತನ್ನ ಜನರನ್ನು ಹಿಂಡುತ್ತಿದ್ದ ರೋಗಗಳ ವಿರುದ್ಧ ಅವರು ಹೂಡಿದ ಹೋರಾಟವೂ, ಕೊನೆಗೆ ಅವರನ್ನೇ ಬಲಿ ತೆಗೆದುಕೊಂಡ ರೋಗದ ಸಂಗತಿಯೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ಇಲ್ಲಿ ಅದನ್ನೇ ಮುಖ್ಯವಾಗಿ ಹೇಳಬಯಸುತ್ತೇವೆ.

ವಾಷಿಂಗ್ಟನ್ ಹುಟ್ಟಿದ್ದು 1856ರಲ್ಲಿ, ವರ್ಜೀನಿಯಾ ರಾಜ್ಯದ ತೋಟವೊಂದರಲ್ಲಿ. ತಾಯಿ ಯಜಮಾನನ ಮನೆಯ ಅಡುಗೆಯ ಆಳು. ಅಡುಗೆಯ ಗುಡಿಸಲೇ ಅವರ ವಾಸದ ಮನೆ. ಮಣ್ಣಿನ ನೆಲದ ಮೇಲೆ ಹರಕು ಬಟ್ಟೆಗಳ ರಾಶಿಯೇ ಮಕ್ಕಳಿಗೆ ಹಾಸಿಗೆ. ಗುಲಾಮರ ಮಕ್ಕಳ ಜನ್ಮದಿನವನ್ನು ಬರೆದಿಡುವವರು ಯಾರು? ತಾನು ಹುಟ್ಟಿದ ದಿನವೇ ಅವರಿಗೆ ತಿಳಿದಿರಲಿಲ್ಲ. 1865ರಲ್ಲಿ ಬಿಡುಗಡೆಯಾದ ಮೇಲೆ ಕುಟುಂಬ ಪಶ್ಚಿಮ ವರ್ಜೀನಿಯಾದ ಮಾಲ್ಡನ್ ಎಂಬ ಊರಿಗೆ ಬಂತು. ಬಾಲಕ ಬುಕರ್ ಉಪ್ಪಿನ ಭಟ್ಟಿಯಲ್ಲೂ ಕಲ್ಲಿದ್ದಲ ಗಣಿಯಲ್ಲೂ ದುಡಿದ. ಬಳಿಕ ರಫ್ನರ್ ಎಂಬ ಮಹಿಳೆಯ ಮನೆಯಲ್ಲಿ ಕೆಲಸಕ್ಕೆ ನಿಂತ. ಆಕೆ ಬಲು ಶಿಸ್ತಿನವಳು. ಅಂಗಳದಲ್ಲಿ ಒಂದು ಕಸಕಡ್ಡಿ ಬಿದ್ದಿದ್ದರೂ ಸಹಿಸುತ್ತಿರಲಿಲ್ಲ. ಅಲ್ಲಿ ಕಲಿತ ಶುಚಿತ್ವ ಜೀವನವಿಡೀ ಅವರ ಜತೆಗಿತ್ತು.

1872ರಲ್ಲಿ, ಸುಮಾರು 500 ಮೈಲು ದೂರದ ಹ್ಯಾಂಪ್ಟನ್ ವಿದ್ಯಾಲಯಕ್ಕೆ ಹೆಚ್ಚಿನ ದಾರಿಯನ್ನು ನಡೆದೇ ತಲುಪಿದಾಗ ಅವರಿಗೆ ಹದಿನಾರು ವರ್ಷ. ಪ್ರವೇಶ ಪರೀಕ್ಷೆ ಎಂದರೆ ಒಂದು ಕೋಣೆಯನ್ನು ಗುಡಿಸುವ ಕೆಲಸ. ಮೂರು ಬಾರಿ ಗುಡಿಸಿ ನಾಲ್ಕು ಬಾರಿ ಧೂಳು ಒರಸಿದ ಹುಡುಗನನ್ನು ಶಾಲೆ ಸೇರಿಸಿಕೊಂಡಿತು. ದಿನಾ ಮೀಯುವುದು, ಬ್ರಷ್ಷಿನಿಂದ ಹಲ್ಲುಜ್ಜುವುದು, ಹಾಸಿಗೆಯ ಮೇಲೆ ಬಟ್ಟೆ ಹಾಸುವುದು, ಎಲ್ಲವೂ ಅವರಿಗೆ ಹೊಸತು. ಕೊಟ್ಟ ಎರಡು ಹಾಸುಬಟ್ಟೆಗಳ ಬಳಕೆ ತಿಳಿಯದೆ ಮೊದಲ ರಾತ್ರಿ ಎರಡರ ಅಡಿಯಲ್ಲೂ ಎರಡನೆಯ ರಾತ್ರಿ ಎರಡರ ಮೇಲೆಯೂ ಮಲಗಿದರಂತೆ. ಇದನ್ನು ಅವರು ನಾಚದೆ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

1881ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಸೋರುವ ಗುಡಿಸಲೊಂದರಲ್ಲಿ 30 ವಿದ್ಯಾರ್ಥಿಗಳೊಂದಿಗೆ ಶಾಲೆ ಆರಂಭವಾಯಿತು. ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟು ಕಟ್ಟಡ ಕಟ್ಟಿದರು. ಮೂರು ಬಾರಿ ಆವಿಗೆ ಕೆಟ್ಟಿತು. ನಾಲ್ಕನೆಯ ಪ್ರಯತ್ನಕ್ಕೆ ವಾಷಿಂಗ್ಟನ್ ತನ್ನ ಗಡಿಯಾರವನ್ನು ಅಡವಿಟ್ಟು 15 ಡಾಲರ್ ತಂದರು. ಅಂತಹ ಬಡತನದಲ್ಲೂ ಹಲ್ಲುಜ್ಜುವ ಬ್ರಷ್ ಇಲ್ಲದ ವಿದ್ಯಾರ್ಥಿಗೆ ಅಲ್ಲಿ ಉಳಿಗಾಲವಿರಲಿಲ್ಲ. 1892ರಿಂದ ಸುತ್ತಲಿನ ಕರಿಯ ರೈತರನ್ನು ವರ್ಷಕ್ಕೊಮ್ಮೆ ಸೇರಿಸಿ ಬೇಸಾಯ, ಸಾಲ, ಮನೆಮಾರುಗಳ ಬಗ್ಗೆ ಚರ್ಚಿಸುವ ಸಮ್ಮೇಳನಗಳು ನಡೆದುವು. ಅವರ ಪತ್ನಿ ಮಾರ್ಗರೆಟ್ ಪೇಟೆಗೆ ಬರುವ ಹಳ್ಳಿಯ ತಾಯಂದಿರನ್ನು ಕೂಡಿಸಿ ಮಕ್ಕಳ ಪಾಲನೆ, ಮನೆಯ ನೈರ್ಮಲ್ಯಗಳನ್ನು ಕಲಿಸಿದರು. ಸಂಸ್ಥೆಯಲ್ಲಿ ದಾದಿಯರ ತರಬೇತಿಯೂ ಆಸ್ಪತ್ರೆಯೂ ಬೆಳೆದುವು.

ಆಗಿನ ಪರಿಸ್ಥಿತಿಯನ್ನು ತುಸು ಹೇಳಬೇಕು. ಕ್ಷಯ ಮೊದಲಾದ ರೋಗಗಳಿಂದ ಕರಿಯರು ಬಿಳಿಯರಿಗಿಂತ ಬಹಳ ಹೆಚ್ಚಾಗಿ ಸಾಯುತ್ತಿದ್ದರು. 1896ರಲ್ಲಿ ಫ್ರೆಡರಿಕ್ ಹಾಫ್‌ಮನ್ ಎಂಬ ವಿಮಾ ಕಂಪೆನಿಯ ಅಂಕಿಅಂಶ ತಜ್ಞ, ಇದು ಜನಾಂಗದ ರಕ್ತದಲ್ಲೇ ಇರುವ ದೋಷ, ಈ ಜನ ಕ್ರಮೇಣ ನಶಿಸಿ ಹೋಗುವರು ಎಂದು ಗ್ರಂಥವನ್ನೇ ಬರೆದ. ಹಾಗೆ ಒಪ್ಪಿಕೊಂಡರೆ ಆಸ್ಪತ್ರೆ, ಒಳ್ಳೆಯ ನೀರು, ಗಾಳಿಯಾಡುವ ಮನೆ ಯಾವುದೂ ಬೇಕಿಲ್ಲವಲ್ಲ! 1906ರಲ್ಲಿ ಡಬ್ಲ್ಯು. ಇ. ಬಿ. ಡುಬಾಯ್ಸ್ ಎಂಬ ಕರಿಯ ವಿದ್ವಾಂಸರು ಇದನ್ನು ಅಂಕಿಅಂಶಗಳಿಂದಲೇ ಖಂಡಿಸಿ, ವ್ಯತ್ಯಾಸಕ್ಕೆ ಕಾರಣ ರಕ್ತವಲ್ಲ, ಬದುಕಿನ ಸ್ಥಿತಿಗತಿ ಎಂದು ತೋರಿಸಿದರು.

ಟಸ್ಕೀಗಿಯಲ್ಲಿ ಮನ್ರೋ ವರ್ಕ್ ಎಂಬ ಸಂಶೋಧಕರು ಲೆಕ್ಕ ಹಾಕಿ 1914ರ ಸಮ್ಮೇಳನದ ಮುಂದಿಟ್ಟರು. ಕರಿಯರ ಸಾವುಗಳಲ್ಲಿ ನೂರಕ್ಕೆ 45 ತಡೆಯಬಹುದಾದವು. ದಕ್ಷಿಣದ ರಾಜ್ಯಗಳಲ್ಲಿ ಯಾವ ಹೊತ್ತಿಗೂ 4,50,000 ಮಂದಿ ಕಾಯಿಲೆಯಲ್ಲಿ ನರಳುತ್ತಿರುತ್ತಾರೆ. ಇದರಿಂದಾಗುವ ನಷ್ಟ ವರ್ಷಕ್ಕೆ ಏಳೂವರೆ ಕೋಟಿ ಡಾಲರ್. ವರ್ಜೀನಿಯಾದಲ್ಲಿ ಕರಿಯರ ಸಂಘವೊಂದು ಅದಾಗಲೇ ಊರು ಶುಚಿಗೊಳಿಸುವ ದಿನಗಳನ್ನು ನಡೆಸಿತ್ತು. ಈ ಎರಡನ್ನೂ ಗಮನಿಸಿದ ವಾಷಿಂಗ್ಟನ್ 1915ರ ವಸಂತದಲ್ಲಿ ದೇಶದಾದ್ಯಂತ ಆರೋಗ್ಯ ಸಪ್ತಾಹಕ್ಕೆ ಕರೆಕೊಟ್ಟರು. ಮುಂದೆ ಅದಕ್ಕೆ, ಅಂದಿನ ರೂಢಿಯ ಮಾತಿನಲ್ಲಿ, ರಾಷ್ಟ್ರೀಯ ನೀಗ್ರೋ ಆರೋಗ್ಯ ಸಪ್ತಾಹವೆಂದು ಹೆಸರಾಯಿತು. ಚರ್ಚುಗಳಲ್ಲಿ ಪ್ರವಚನ, ಶಾಲೆಗಳಲ್ಲಿ ಪಾಠ, ಬಾವಿ ಕಕ್ಕಸುಗಳ ದುರಸ್ತಿ, ಗೋಡೆಗಳಿಗೆ ಸುಣ್ಣ, ನೊಣಗಳ ನಿರ್ಮೂಲನ, ಇವೇ ಕಾರ್ಯಕ್ರಮ. ಪಾದ್ರಿ, ಮೇಷ್ಟ್ರು, ಅಂಗಡಿಕಾರ, ಗೃಹಿಣಿ ಎಲ್ಲರೂ ಕಾರ್ಯಕರ್ತರು. ಸರಕಾರ ಬರಲೆಂದು ಕಾದಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಆ ವರ್ಷದ ನವೆಂಬರಿನಲ್ಲಿ ವಾಷಿಂಗ್ಟನ್ ನ್ಯೂಯಾರ್ಕಿನಲ್ಲಿ ಕುಸಿದು ಬಿದ್ದರು. ಪರೀಕ್ಷಿಸಿದ ವೈದ್ಯರೊಬ್ಬರು, ಕಾಯಿಲೆಗೆ ಜನಾಂಗದ ಲಕ್ಷಣಗಳೂ ಕಾರಣವೆಂದು ಪತ್ರಿಕೆಗಳಿಗೆ ಹೇಳಿಬಿಟ್ಟರು. ಗುಹ್ಯರೋಗವೆಂಬ ಸೂಚನೆ ಅದರಲ್ಲಿತ್ತು. ಯಾವ ಮಾತನ್ನು ಅಳಿಸಲು ಅವರು ದುಡಿದರೋ ಅದೇ ಮಾತು ಅವರ ಮರಣಶಯ್ಯೆಯ ಬಳಿಗೂ ಬಂತು. ಹುಟ್ಟಿ ಬೆಳೆದ ದಕ್ಷಿಣದಲ್ಲೇ ಸಾಯಬೇಕೆಂಬ ಹಟದಿಂದ ರೈಲೇರಿ ಟಸ್ಕೀಗಿ ಸೇರಿದ ಅವರು, ತಲುಪಿದ ಕೆಲವೇ ಗಂಟೆಗಳಲ್ಲಿ, 1915ರ ನವೆಂಬರ್ 14ರಂದು ತೀರಿಕೊಂಡರು. ಆಗ ಅವರಿಗೆ 59 ವರ್ಷ. 30 ವಿದ್ಯಾರ್ಥಿಗಳ ಗುಡಿಸಲು 1,500 ವಿದ್ಯಾರ್ಥಿಗಳ ಸಂಸ್ಥೆಯಾಗಿತ್ತು. 2006ರಲ್ಲಿ ಮೇರಿಲ್ಯಾಂಡಿನ ವೈದ್ಯರು ಹಳೆಯ ದಾಖಲೆಗಳನ್ನು ತೆಗೆದು ನೋಡಿದಾಗ ಸತ್ಯ ಹೊರಬಿತ್ತು: ಅವರ ರಕ್ತದೊತ್ತಡ 225ಕ್ಕೆ ಏರಿತ್ತು. ಕೊಂದದ್ದು ಅದೇ.

ಸಪ್ತಾಹ ಅವರೊಂದಿಗೆ ಸಾಯಲಿಲ್ಲ. 1932ರಲ್ಲಿ ಸರಕಾರದ ಸಾರ್ವಜನಿಕ ಆರೋಗ್ಯ ಇಲಾಖೆ ಅದನ್ನು ವಹಿಸಿಕೊಂಡಿತು. 1951ರ ತನಕ ಅದು ನಡೆಯಿತು. ಆದರೆ ಅದೇ 1932ರಲ್ಲಿ ಅದೇ ಇಲಾಖೆ ಟಸ್ಕೀಗಿಯ ಸುತ್ತಲಿನ ಸುಮಾರು 600 ಬಡ ಕರಿಯರನ್ನು ಆರಿಸಿಕೊಂಡು, ಸಿಫಿಲಿಸ್ ರೋಗ ಚಿಕಿತ್ಸೆಯಿಲ್ಲದೆ ಹೇಗೆ ಬೆಳೆಯುತ್ತದೆಂದು ನೋಡುತ್ತ ಕುಳಿತಿತು. ಔಷಧಿ ದೊರೆಯತೊಡಗಿದ ಮೇಲೂ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆದ ಮೇಲೆಯೇ ಅದು ನಿಂತಿತು. ವಾಷಿಂಗ್ಟನ್ ಗಳಿಸಿದ್ದ ನಂಬಿಕೆಯ ಬಂಡವಾಳವನ್ನು ಹೀಗೆ ದುರುಪಯೋಗಪಡಿಸಿದ್ದು ಅಕ್ಷಮ್ಯ.

ವಾಷಿಂಗ್ಟನ್ನರ ದಾರಿ ದೋಷರಹಿತವೆಂದು ನಾವು ಹೇಳುವುದಿಲ್ಲ. ಬಿಳಿಯರೊಡನೆ ಅವರು ಅತಿಯಾಗಿ ರಾಜಿ ಮಾಡಿಕೊಂಡರು, ಮತದಾನದ ಹಕ್ಕಿಗಾಗಿ ಬಹಿರಂಗವಾಗಿ ಹೋರಾಡಲಿಲ್ಲ ಎಂದು ಡುಬಾಯ್ಸ್ 1903ರಲ್ಲೇ ಟೀಕಿಸಿದ್ದರು. ಹಕ್ಕಿಲ್ಲದವನ ಬಾವಿಗೆ ಸುಣ್ಣ ಹಾಕಿದರೂ ಅವನ ಕೇರಿಗೆ ಆಸ್ಪತ್ರೆ ಬರುವುದಿಲ್ಲವೆಂಬ ಮಾತಿನಲ್ಲಿ ಸತ್ಯವಿದೆ. ಆದರೆ ಹಕ್ಕು ಬರುವ ತನಕ ಕೂಸುಗಳು ಸಾಯಬೇಕೇ ಎಂಬ ಪ್ರಶ್ನೆಯಲ್ಲೂ ಸತ್ಯವಿದೆ. ಎರಡೂ ಬೇಕಿತ್ತು.

ಅವರನ್ನು ಕೊಂದ ರಕ್ತದೊತ್ತಡ ಇಂದಿಗೂ ಅಮೇರಿಕದ ಕರಿಯರನ್ನು ಇತರರಿಗಿಂತ ಹೆಚ್ಚು ಕಾಡುತ್ತಿದೆ. ಲಾಸ್ ಏಂಜಲೀಸಿನಲ್ಲಿ ಕರಿಯರ 52 ಕ್ಷೌರದಂಗಡಿಗಳಲ್ಲಿ ನಡೆಸಿದ ಪ್ರಯೋಗವೊಂದರ ವರದಿ 2018ರಲ್ಲಿ ಪ್ರಕಟವಾಯಿತು. ಔಷಧ ತಜ್ಞರು ಅಂಗಡಿಗೇ ಬಂದು ಒತ್ತಡ ಅಳೆದು ಮದ್ದು ಕೊಟ್ಟಾಗ, ಆರು ತಿಂಗಳಲ್ಲಿ ಗಿರಾಕಿಗಳ ರಕ್ತದೊತ್ತಡ 27 ಅಂಶ ಇಳಿಯಿತು. ಬರೇ ಬುದ್ಧಿಮಾತು ಕೇಳಿ ಹೋದವರಲ್ಲಿ ಇಳಿದದ್ದು ಸುಮಾರು 9. ಜನ ನಂಬುವ ಜಾಗಕ್ಕೆ, ನಂಬುವವರ ಕೈಯಿಂದ ಆರೋಗ್ಯ ತಲುಪಬೇಕೆಂಬುದೇ ಸಪ್ತಾಹದ ತಿರುಳೂ ಆಗಿತ್ತು. ವಾಷಿಂಗ್ಟನ್ನರಿಗೆ ಸ್ಮಾರಕಗಳು ಅನೇಕ ಇರಬಹುದು. ಆ ಕ್ಷೌರದಂಗಡಿಗಳೂ ಅವುಗಳಲ್ಲಿ ಸೇರಿವೆ ಎಂದು ನಾವು ಭಾವಿಸುತ್ತೇವೆ.