ಜೋ ಹೀನಿ: ವಲಸೆ ಮತ್ತು ಮೌಖಿಕ ಪರಂಪರೆ

ಐರ್ಲೆಂಡಿನ ಮೌಖಿಕ ಪರಂಪರೆಯಲ್ಲಿ ‘ಶಾನ್ ನೋಸ್’, ಎಂದರೆ ‘ಹಳೆಯ ರೀತಿ’, ಎಂದು ಗುರುತಿಸಲಾಗುವ ಗಾಯನದ ಪ್ರಮುಖ ವಾಹಕರಲ್ಲಿ ಜೋ ಹೀನಿ ಒಬ್ಬರು. 1919ರಲ್ಲಿ ಗಾಲ್ವೇ ಕೌಂಟಿಯ ಕಾರ್ನಾ ಬಳಿಯ ಐರಿಷ್ ಭಾಷಿಕ ಕರಾವಳಿಯಲ್ಲಿ ಜನಿಸಿದ ಇವರು ಹಾಡುಗಳನ್ನು ಕಲಿತದ್ದು ತಂದೆ ಹಾಗೂ ನೆರೆಹೊರೆಯವರಿಂದ.

ಈ ಗಾಯನಕ್ಕೆ ವಾದ್ಯದ ಹಿಮ್ಮೇಳವಿಲ್ಲ. ನಿಯತ ತಾಳಕ್ಕಿಂತ ನುಡಿಯ ನಡೆಯೇ ಇಲ್ಲಿ ಲಯವನ್ನು ನಿರ್ಣಯಿಸುತ್ತದೆ. ಒಂದೇ ಧಾಟಿ ಚರಣದಿಂದ ಚರಣಕ್ಕೆ ಭಿನ್ನ ಅಲಂಕಾರಗಳನ್ನು ಪಡೆಯುತ್ತದೆ. ಡೊನೆಗಾಲ್ ಶೈಲಿಯು ಹೋಲಿಕೆಯಲ್ಲಿ ಸರಳವಾದುದು. ಹೀನಿಯವರು ಪ್ರತಿನಿಧಿಸುವ ಕಾನ್ನೆಮಾರಾ ಶೈಲಿ ಅಲಂಕಾರಸಮೃದ್ಧವಾದುದು. ಆದರೂ ಅವರಿಗೆ ಹಾಡಿನೊಳಗಿನ ಕಥನವೇ ಮುಖ್ಯವಾಗಿತ್ತು. ಹಾಡಿನ ಹಿನ್ನೆಲೆಯ ಕಥೆಯನ್ನು ಹೇಳಿ ಹಾಡುವುದು ಅವರ ಕ್ರಮವಾಗಿತ್ತು.

ದುಡಿಮೆಗಾಗಿ ಬ್ರಿಟನ್ನಿಗೂ 1960ರ ದಶಕದಲ್ಲಿ ಅಮೆರಿಕಕ್ಕೂ ಹೀನಿ ವಲಸೆ ಹೋದರು. 1965ರ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಹಾಡಿದ ಈ ಗಾಯಕರು ನ್ಯೂಯಾರ್ಕಿನಲ್ಲಿ ಬದುಕಿದ್ದು ವಸತಿ ಕಟ್ಟಡವೊಂದರ ದ್ವಾರಪಾಲಕರಾಗಿ. ವಿದ್ವತ್ ವಲಯದ ಮನ್ನಣೆ ತಡವಾಗಿ ಬಂತು. 1982ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ದೊರೆಯಿತು. ಸಿಯಾಟಲ್‌ನ ವಾಷಿಂಗ್‌ಟನ್ ವಿಶ್ವವಿದ್ಯಾಲಯವು ಹಾಡುಗಾರಿಕೆಯನ್ನು ಕಲಿಸಲು ಅವರನ್ನು ನೇಮಿಸಿಕೊಂಡಿತು. 1984ರ ಮೇ 1ರಂದು ಅಲ್ಲಿಯೇ ನಿಧನರಾದರು. ದೇಹವನ್ನು ಕಾರ್ನಾಕ್ಕೆ ಒಯ್ದು ಮಣ್ಣುಮಾಡಲಾಯಿತು. ಧ್ವನಿಮುದ್ರಣಗಳು ಆ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಉಳಿದವು.

ಈ ಸಂಗ್ರಹ ಗಾಯಕನ ಧ್ವನಿಯನ್ನೂ ಪಾಠವನ್ನೂ ಕಾಪಾಡಿದೆ. ಆದರೆ ಹಾಡಿನ ನಡುವೆ ಮೆಚ್ಚುಗೆಯ ಮಾತಾಡಿ ಗಾಯಕನನ್ನು ಹುರಿದುಂಬಿಸುವ, ಆ ಭಾಷೆಯನ್ನೇ ಆಡುವ ಕೇಳುಗ ಸಮುದಾಯವನ್ನು ಯಾವ ಸಂಗ್ರಹವೂ ಒಳಗೊಳ್ಳಲಾರದು. ಹೀನಿಯವರ ಬದುಕು ಜಾನಪದ ಅಧ್ಯಯನದ ಮುಂದಿಡುವ ಮೂಲಭೂತ ಪ್ರಶ್ನೆ ಇದೇ ಆಗಿದೆ.