ಕಂಪ್ಯೂಟರ್ ಲೋಕ ಮರೆತ ಮೇಷ್ಟ್ರು: ಗ್ಯಾರಿ ಕಿಲ್ಡಾಲ್



ನಿಮ್ಮ ಮನೆಯಲ್ಲೋ ಶಾಲೆಯ ಲ್ಯಾಬಿನಲ್ಲೋ ಇರುವ ವಿಂಡೋಸ್ ಕಂಪ್ಯೂಟರನ್ನು ತೆರೆದರೆ ಮೊದಲ ಡಿಸ್ಕಿನ ಹೆಸರು ಸಿ ಡ್ರೈವ್ ಎಂದಿರುತ್ತದೆ. ಎ ಎಲ್ಲಿ, ಬಿ ಎಲ್ಲಿ ಎಂದು ನೀವು ಎಂದಾದರೂ ಕೇಳಿದ್ದೀರಾ? ಎ ಮತ್ತು ಬಿ ಎಂಬವು ಒಂದು ಕಾಲದಲ್ಲಿ ಎರಡು ಫ್ಲಾಪಿ ಡ್ರೈವ್‌ಗಳ ಹೆಸರುಗಳು. ಹಾರ್ಡ್ ಡಿಸ್ಕ್ ಆಮೇಲೆ ಬಂದಿತು, ಆದ್ದರಿಂದ ಅದಕ್ಕೆ ಮೂರನೆಯ ಅಕ್ಷರ ಸಿಕ್ಕಿತು. ಸಣ್ಣ ಕಂಪ್ಯೂಟರುಗಳಲ್ಲಿ ಈ ಪದ್ಧತಿಯನ್ನು ರೂಢಿಗೆ ತಂದವರು ಬಿಲ್ ಗೇಟ್ಸ್ ಅಲ್ಲ. ಗ್ಯಾರಿ ಕಿಲ್ಡಾಲ್ ಎಂಬ ಒಬ್ಬ ಮೇಷ್ಟ್ರು.

ಕಿಲ್ಡಾಲ್ 1942ರ ಮೇ 19ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಜನಿಸಿದರು. ಅವರ ಮನೆತನದವರು ಹಡಗು ನಡೆಸುವ ವಿದ್ಯೆಯನ್ನು ಕಲಿಸುವ ಶಾಲೆಯೊಂದನ್ನು ನಡೆಸುತ್ತಿದ್ದರು. ಅಜ್ಜ ಕಟ್ಟಿದ ಆ ಶಾಲೆಯಲ್ಲಿ ಗ್ಯಾರಿಯೂ ಕೆಲಕಾಲ ಪಾಠ ಹೇಳಿದರು. ಆಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದಾಗ ಅವರ ಮನಸ್ಸಿನಲ್ಲಿದ್ದದ್ದು ಗಣಿತದ ಶಿಕ್ಷಕರಾಗಬೇಕೆಂಬ ಆಸೆ ಮಾತ್ರ. ಅಲ್ಲಿ ಕಂಪ್ಯೂಟರಿನ ರುಚಿ ಹತ್ತಿತು. 1963ರಲ್ಲಿ ಶಾಲಾ ದಿನಗಳ ಗೆಳತಿ ಡೊರೊಥಿಯವರನ್ನು ವಿವಾಹವಾದರು. ಅದು ವಿಯೆಟ್ನಾಂ ಯುದ್ಧದ ಕಾಲ, ಯುವಕರಿಗೆಲ್ಲ ಸೇನೆಯ ಕರೆ ಬರುತ್ತಿತ್ತು. ಕಿಲ್ಡಾಲ್ ಆ ಸೇವೆಯನ್ನು ಪಾಠ ಹೇಳುವ ಮೂಲಕ ಪೂರೈಸಿದರು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಅಧ್ಯಾಪಕರಾದರು. 1972ರಲ್ಲಿ ತಮ್ಮ ಹಳೆಯ ವಿಶ್ವವಿದ್ಯಾಲಯದಿಂದಲೇ ಪಿಎಚ್.ಡಿ. ಪಡೆದರು.

ಅದೇ ಹೊತ್ತಿಗೆ ಇಂಟೆಲ್ ಕಂಪನಿಯು ಉಗುರಿನಷ್ಟು ಚಿಕ್ಕ ಮೈಕ್ರೊಪ್ರೊಸೆಸರ್‌ಗಳನ್ನು ಮಾರುಕಟ್ಟೆಗೆ ತಂದಿತ್ತು. ಅವುಗಳನ್ನು ತಯಾರಿಸಿದವರು ಇದು ದೊಡ್ಡ ಯಂತ್ರಗಳೊಳಗಿನ ಬಿಡಿಭಾಗ ಎಂದುಕೊಂಡಿದ್ದರು. ಇದನ್ನೇ ಪೂರ್ಣ ಕಂಪ್ಯೂಟರ್ ಮಾಡಬಹುದೆಂದು ಕಂಡ ಕೆಲವರಲ್ಲಿ ಕಿಲ್ಡಾಲ್ ಒಬ್ಬರು. ಅವರು ಇಂಟೆಲ್‌ಗೆ ಸಲಹೆಗಾರರಾಗಿ ಹೋಗಿ 1973ರಲ್ಲಿ ಪಿಎಲ್/ಎಂ ಎಂಬ ಭಾಷೆಯನ್ನು ರಚಿಸಿಕೊಟ್ಟರು. ಮರುವರ್ಷ, 1974ರಲ್ಲಿ, ಒಂದು ಫ್ಲಾಪಿ ಡ್ರೈವ್ ಅನ್ನು ಗೆಳೆಯ ಜಾನ್ ಟೊರೋಡ್ ಅವರ ನೆರವಿನಿಂದ ಆ ಚಿಕ್ಕ ಯಂತ್ರಕ್ಕೆ ಜೋಡಿಸಿದರು. ಫ್ಲಾಪಿಯಲ್ಲಿ ಕಡತಗಳನ್ನು ಇಡುವ, ತೆಗೆಯುವ, ಹುಡುಕುವ ಕಾರ್ಯಾಚರಣ ವ್ಯವಸ್ಥೆಯನ್ನು ಬರೆದರು. ಅದೇ ಸಿಪಿ/ಎಂ. ಇಂಟೆಲ್‌ಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಗಂಡ ಹೆಂಡತಿ ಇಬ್ಬರೂ ಪೆಸಿಫಿಕ್ ಗ್ರೋವ್ ಎಂಬ ಸಮುದ್ರ ದಂಡೆಯ ಊರಿನ ತಮ್ಮ ಮನೆಯಲ್ಲೇ ಕಂಪನಿ ತೆರೆದರು. ಮೊದಲಿಗೆ ಇಂಟರ್‌ಗ್ಯಾಲಕ್ಟಿಕ್ ಡಿಜಿಟಲ್ ರಿಸರ್ಚ್ ಎಂದು ತಮಾಷೆಯ ಹೆಸರು, ನಂತರ ಬರೀ ಡಿಜಿಟಲ್ ರಿಸರ್ಚ್. ಗ್ಯಾರಿ ಬರೆಯುತ್ತಿದ್ದರು, ಡೊರೊಥಿ ವ್ಯವಹಾರ ನೋಡುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನೂ ನೆನಪಿಟ್ಟುಕೊಳ್ಳಲಿ. ಕಂಪ್ಯೂಟರ್ ಚರಿತ್ರೆಯಲ್ಲಿ ಆಕೆಯನ್ನು ಒಂದೇ ಒಂದು ಘಟನೆಗಾಗಿ ನೆನೆಯುತ್ತಾರೆ, ಅದೂ ತಪ್ಪು ಹೊರಿಸುವುದಕ್ಕಾಗಿ.

ಕಿಲ್ಡಾಲ್ ಮಾಡಿದ ಅತಿ ದೊಡ್ಡ ಕೆಲಸ ಇನ್ನೊಂದಿದೆ. ಆ ದಿನಗಳಲ್ಲಿ ಒಂದು ಕಂಪನಿಯ ಯಂತ್ರದಂತೆ ಇನ್ನೊಂದು ಇರುತ್ತಿರಲಿಲ್ಲ. ಪ್ರತಿ ಯಂತ್ರಕ್ಕೂ ಇಡೀ ವ್ಯವಸ್ಥೆಯನ್ನು ಹೊಸದಾಗಿ ಬರೆಯಬೇಕಿತ್ತು. 1976ರ ಸುಮಾರಿಗೆ ಇಮ್ಸಾಯ್ ಎಂಬ ಕಂಪನಿಗಾಗಿ ಕೆಲಸ ಮಾಡುವಾಗ ಅವರು ಒಂದು ಉಪಾಯ ಮಾಡಿದರು. ಯಂತ್ರಕ್ಕೆ ಅಂಟಿಕೊಂಡ ಭಾಗವನ್ನು ಬೇರ್ಪಡಿಸಿ ಅದಕ್ಕೆ ಬಯೋಸ್ ಎಂದು ಹೆಸರಿಟ್ಟರು. ಉಳಿದ ಭಾಗ ಎಲ್ಲ ಯಂತ್ರಕ್ಕೂ ಒಂದೇ. ನಮ್ಮ ಪಠ್ಯಪುಸ್ತಕದ ಹಾಗೆ. ಕಂಪ್ಲಿಯ ಶಾಲೆಗೂ ಸಂಡೂರಿನ ಶಾಲೆಗೂ ಪುಸ್ತಕ ಒಂದೇ. ಗಂಟೆ ಹೊಡೆಯುವ ವೇಳೆ, ಕೋಣೆ, ಕಪ್ಪುಹಲಗೆ ಆಯಾ ಶಾಲೆಯದು. ಈ ಒಂದು ಉಪಾಯದಿಂದ ಸಿಪಿ/ಎಂ ನೂರಾರು ಬಗೆಯ ಯಂತ್ರಗಳ ಮೇಲೆ ಓಡತೊಡಗಿತು. ವರ್ಡ್‌ಸ್ಟಾರ್, ಡಿಬೇಸ್ ಮುಂತಾದ ತಂತ್ರಾಂಶಗಳು ಹರಡಿದ್ದು ಅದರ ಬೆನ್ನೇರಿ. ಬಯೋಸ್ ಎಂಬ ಮಾತು ಇಂದಿಗೂ ರಿಪೇರಿ ಅಂಗಡಿಯವರ ಬಾಯಲ್ಲಿದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಒಂದೇ ಕಂಪ್ಯೂಟರಿನಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇಟ್ಟುಕೊಳ್ಳುವುದನ್ನು ಇಂದಿನ ಹುಡುಗರು ಹೊಸ ಸಾಹಸವೆಂಬಂತೆ ಹೇಳಿಕೊಳ್ಳುತ್ತಾರೆ. 1980ರಲ್ಲೇ ಅದು ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಬಂದಿತ್ತು. ಆಗ ಆಪಲ್-2 ಎಂಬ ಕಂಪ್ಯೂಟರ್ ಬಹಳ ಹೆಸರು ಮಾಡಿತ್ತು. ಆದರೆ ಅದರ ಪ್ರೊಸೆಸರ್ ಬೇರೆ ಜಾತಿಯದು, ಸಿಪಿ/ಎಂ ಅದರಲ್ಲಿ ಓಡುತ್ತಿರಲಿಲ್ಲ. ಇದಕ್ಕೆ ಸಾಫ್ಟ್‌ಕಾರ್ಡ್ ಎಂಬ ಒಂದು ಕಾರ್ಡ್ ಬಂತು. ಅದರ ಮೇಲೆ ಜೆಡ್-80 ಎಂಬ ಇನ್ನೊಂದು ಪ್ರೊಸೆಸರ್ ಇತ್ತು. ಕಾರ್ಡನ್ನು ಒಳಗೆ ಸಿಕ್ಕಿಸಿ ಸಿಪಿ/ಎಂ ಫ್ಲಾಪಿ ಹಾಕಿ ಚಾಲೂ ಮಾಡಿದರೆ ಯಂತ್ರ ಸಿಪಿ/ಎಂ ಆಗುತ್ತಿತ್ತು. ಆಪಲ್‌ನ ಫ್ಲಾಪಿ ಹಾಕಿದರೆ ಮತ್ತೆ ಆಪಲ್. ಆ ಕಾರ್ಡನ್ನು ಮಾರಿದ್ದು ಯಾರು ಗೊತ್ತೇ? ಮೈಕ್ರೊಸಾಫ್ಟ್! ಕಿಲ್ಡಾಲ್ ಅವರಿಂದ ಪರವಾನಗಿ ಪಡೆದು ಅವರದೇ ವ್ಯವಸ್ಥೆಯನ್ನು ಮಾರಿ ಆ ಕಂಪನಿ ಚೆನ್ನಾಗಿ ಸಂಪಾದಿಸಿತು.

ಅದೇ 1980ರಲ್ಲಿ ಐಬಿಎಂ ಸಂಸ್ಥೆ ಗುಟ್ಟಾಗಿ ಒಂದು ಪರ್ಸನಲ್ ಕಂಪ್ಯೂಟರ್ ತಯಾರಿಸಲು ಹೊರಟಿತು. ಅವರು ಮೊದಲು ಗೇಟ್ಸ್ ಅವರನ್ನು ಕಂಡರು, ಗೇಟ್ಸ್ ಅವರನ್ನು ಕಿಲ್ಡಾಲ್ ಬಳಿಗೆ ಕಳಿಸಿದರು. ಐಬಿಎಂನವರು ಪೆಸಿಫಿಕ್ ಗ್ರೋವ್‌ಗೆ ಬಂದ ದಿನ ಕಿಲ್ಡಾಲ್ ತಮ್ಮ ಸಣ್ಣ ವಿಮಾನದಲ್ಲಿ ಬೇರೆ ಗಿರಾಕಿಯೊಬ್ಬರನ್ನು ನೋಡಲು ಹೋಗಿದ್ದರು. ಬಂದವರು ಗುಟ್ಟು ಕಾಪಾಡುವ ಕರಾರುಪತ್ರವೊಂದಕ್ಕೆ ಸಹಿ ಕೇಳಿದರು. ಅದು ಪೂರ್ತಿ ಒಂದೇ ಕಡೆಗೆ ವಾಲಿದ ಕರಾರು. ಡೊರೊಥಿ ಹಾಗೂ ಕಂಪನಿಯ ವಕೀಲರು ಸಹಿ ಹಾಕಲು ಹಿಂಜರಿದರು. ಮಧ್ಯಾಹ್ನದ ನಂತರ ಕಿಲ್ಡಾಲ್ ಮಾತುಕತೆಗೆ ಬಂದರೇ ಇಲ್ಲವೇ ಎಂಬುದರಲ್ಲಿ ಅಂದು ಇದ್ದವರ ಹೇಳಿಕೆಗಳೇ ಕೂಡುವುದಿಲ್ಲ. ಒಟ್ಟಿನಲ್ಲಿ ಒಪ್ಪಂದ ಕುದುರಲಿಲ್ಲ.

ಜಗತ್ತಿನ ಅತಿ ದೊಡ್ಡ ವ್ಯಾಪಾರ ಬಾಗಿಲಿಗೆ ಬಂದಾಗ ವಿಮಾನದಲ್ಲಿ ಮೋಜು ಮಾಡುತ್ತಿದ್ದ ಮನುಷ್ಯ ಎಂಬ ದಂತಕಥೆ ಅಂದಿನಿಂದ ಹುಟ್ಟಿಕೊಂಡಿತು. ನನ್ನ ಮಟ್ಟಿಗೆ ವಿಮಾನ ಒಂದು ನೆಪ. ಹೊಸ 16 ಬಿಟ್ ಪ್ರೊಸೆಸರ್‌ಗೆ ಸಿಪಿ/ಎಂ ಸಿದ್ಧಪಡಿಸುವುದನ್ನು ಡಿಜಿಟಲ್ ರಿಸರ್ಚ್ ತಡಮಾಡಿತ್ತು. ಕಾದು ಬೇಸತ್ತ ಸಿಯಾಟಲ್‌ನ ಚಿಕ್ಕ ಕಂಪನಿಯೊಂದರ ಟಿಮ್ ಪ್ಯಾಟರ್ಸನ್ ಎಂಬ ಯುವಕ ತಾನೇ ಒಂದು ವ್ಯವಸ್ಥೆಯನ್ನು ಬರೆದುಬಿಟ್ಟಿದ್ದ. ಸಿಪಿ/ಎಂನ ತಂತ್ರಾಂಶಗಳನ್ನು ಸುಲಭವಾಗಿ ತರಲಿ ಎಂದು ಸಿಪಿ/ಎಂ ಕರೆಗಳ ರೀತಿಯನ್ನೇ ಅನುಸರಿಸಿದ್ದ. ಮೈಕ್ರೊಸಾಫ್ಟ್ ಅದನ್ನು ಒಟ್ಟು 75,000 ಡಾಲರಿಗೆ ಕೊಂಡು ಐಬಿಎಂಗೆ ಕೊಟ್ಟಿತು, ಬೇರೆ ಕಂಪನಿಗಳಿಗೂ ಮಾರುವ ಹಕ್ಕನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡಿತು. ಪ್ಯಾಟರ್ಸನ್ ತನ್ನ ಕೋಡನ್ನು ತಾನೇ ಬರೆದವನು, ಆದ್ದರಿಂದ ಕಳ್ಳತನ ಎನ್ನುವುದು ಅತಿಯಾಯಿತು. ಆದರೆ ಮನೆಯ ನಕ್ಷೆ ಯಾರದು ಎಂಬುದರಲ್ಲಿ ಅನುಮಾನವಿಲ್ಲ.

1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಬಿಡುಗಡೆಯಾಯಿತು. ತಮ್ಮ ವ್ಯವಸ್ಥೆಯ ನಡೆನುಡಿ ಅದರ ಡಾಸ್‌ನಲ್ಲಿ ಇರುವುದನ್ನು ನೋಡಿ ಕಿಲ್ಡಾಲ್ ಆಕ್ಷೇಪಿಸಿದರು. ತಂತ್ರಾಂಶದ ಹಕ್ಕುಸ್ವಾಮ್ಯದ ಕಾನೂನು ಆಗ ಇನ್ನೂ ಗಟ್ಟಿಯಾಗಿರಲಿಲ್ಲ. ನ್ಯಾಯಾಲಯಕ್ಕೆ ಹೋಗದೆ ರಾಜಿಯಾಯಿತು. ಗಿರಾಕಿಯು ತನಗೆ ಬೇಕಾದ ವ್ಯವಸ್ಥೆಯನ್ನು ಆರಿಸಿಕೊಳ್ಳುವಂತೆ ಸಿಪಿ/ಎಂ-86 ಅನ್ನೂ ಐಬಿಎಂ ಮಾರುವುದೆಂದು ಒಪ್ಪಂದ. ಕಿಲ್ಡಾಲ್ ನೆಮ್ಮದಿಯಿಂದ ಇದ್ದರು. ಬೆಲೆಪಟ್ಟಿ ಬಂದಾಗ ನೋಡಿದರೆ ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಕ್ಕೆ 240 ಡಾಲರ್! ನೀವೇ ಹೇಳಿ, ಆರು ಪಟ್ಟು ಕೊಟ್ಟು ಯಾರು ಕೊಳ್ಳುತ್ತಾರೆ? ಆಯ್ಕೆ ಕಾಗದದ ಮೇಲಷ್ಟೇ ಇತ್ತು. 1983ರಲ್ಲಿ ಡಿಜಿಟಲ್ ರಿಸರ್ಚ್ ತಾನೇ ಬೆಲೆಯನ್ನು 60 ಡಾಲರಿಗೆ ಇಳಿಸಿದಾಗ ಜನ ಡಾಸ್‌ಗೆ ಒಗ್ಗಿಹೋಗಿದ್ದರು.

ಕಿಲ್ಡಾಲ್ ಕೈಕಟ್ಟಿ ಕೂರಲಿಲ್ಲ. ಏಕಕಾಲಕ್ಕೆ ಹಲವು ಪ್ರೋಗ್ರಾಂಗಳನ್ನು ಓಡಿಸುವ ಕನ್ಕರೆಂಟ್ ಸಿಪಿ/ಎಂ ಅವರ ಕಂಪನಿಯಿಂದ ಬಂತು. 1983ರಿಂದ 1990ರವರೆಗೆ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟಿವಿ ಕಾರ್ಯಕ್ರಮದ ಸಹನಿರೂಪಕರಾಗಿ ಪ್ರತಿಸ್ಪರ್ಧಿಗಳ ಯಂತ್ರಗಳನ್ನೂ ಸೌಜನ್ಯದಿಂದ ಪರಿಚಯಿಸಿದರು. 1985ರಲ್ಲಿ ಗ್ರೋಲಿಯರ್ ವಿಶ್ವಕೋಶವನ್ನು ಸಿಡಿಗೆ ಇಳಿಸಿದ್ದೂ ಅವರ ಇನ್ನೊಂದು ಕಂಪನಿಯೇ. 1988ರಲ್ಲಿ ಡಿಜಿಟಲ್ ರಿಸರ್ಚ್ ಡಿಆರ್-ಡಾಸ್ ಅನ್ನು ತಂದಿತು. ಮೈಕ್ರೊಸಾಫ್ಟ್‌ನ ಡಾಸ್‌ಗಿಂತ ಅದು ಎಷ್ಟೋ ವಿಷಯಗಳಲ್ಲಿ ಮುಂದಿತ್ತು. 1991ರಲ್ಲಿ ಕಂಪನಿಯನ್ನು ನೊವೆಲ್ ಕೊಂಡುಕೊಂಡಿತು. ಆ ವರ್ಷದ ಕೊನೆಗೆ ವಿಂಡೋಸ್ 3.1ರ ಪರೀಕ್ಷಾ ಆವೃತ್ತಿಯೊಂದು ಡಿಆರ್-ಡಾಸ್ ಮೇಲೆ ಓಡುವಾಗ ಸುಮ್ಮನೆ ದೋಷದ ಸಂದೇಶ ತೋರಿಸುತ್ತಿತ್ತು. ಈ ವಿಷಯವೂ ಸೇರಿ ಮುಂದೆ ಕಾಲ್ಡೆರಾ ಎಂಬ ಕಂಪನಿ ಹೂಡಿದ ದಾವೆ 2000ದ ಜನವರಿಯಲ್ಲಿ ರಾಜಿಯಲ್ಲಿ ಮುಗಿಯಿತು. ಅದನ್ನು ನೋಡಲು ಕಿಲ್ಡಾಲ್ ಇರಲಿಲ್ಲ.

ಈಗ ನಮ್ಮೂರಿಗೆ ಬರೋಣ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳು ವಿಂಡೋಸ್ 11ರ ಷರತ್ತುಗಳನ್ನು ಪೂರೈಸುವುದಿಲ್ಲ. ಯಂತ್ರ ಗಟ್ಟಿಮುಟ್ಟಾಗಿರುವಾಗ ಅದನ್ನು ಗುಜರಿಗೆ ಹಾಕಬೇಕೇ? ಉಚಿತವಾಗಿ ಸಿಗುವ ಲಿನಕ್ಸ್ ಅನ್ನು ಅದರ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಕೇರಳದ ಸರ್ಕಾರಿ ಶಾಲೆಗಳು ಬಹಳ ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತವರು.

ಹೊಸಪೇಟೆ ಜಂಕ್ಷನ್ ನಿಮಗೆ ಗೊತ್ತಲ್ಲ. ಅದೇ ನಿಲ್ದಾಣದಿಂದ ಹೊರಟ ಗಾಡಿ ಹುಬ್ಬಳ್ಳಿಯ ಕಡೆಗೆ ಹೋಗಬಹುದು, ಬಳ್ಳಾರಿಯ ಕಡೆಗೂ ಹೋಗಬಹುದು, ಕೊಟ್ಟೂರಿನ ಕಡೆಗೂ ಹೋಗಬಹುದು. ಹಳಿ ಕೂಡಿಸುವವನು ನಿರ್ಧರಿಸುತ್ತಾನೆ. ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವುದು ಬೂಟ್ ಲೋಡರ್. ಡಿಸ್ಕನ್ನು ಹೊಲದ ಬದುವಿನ ಹಾಗೆ ಭಾಗ ಮಾಡಿ ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇಡುತ್ತೇವೆ. ಯಂತ್ರ ಚಾಲೂ ಆದ ಕೂಡಲೇ ಗ್ರಬ್ ಎಂಬ ಲೋಡರ್ ಪಟ್ಟಿ ತೋರಿಸಿ ಯಾವುದು ಬೇಕೆಂದು ಕೇಳುತ್ತದೆ. ಒಮ್ಮೆಗೆ ಒಂದೇ. ಭಾಗ ಮಾಡುವ ಮುನ್ನ ನಿಮ್ಮ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಲೇಬೇಕು, ಇದರಲ್ಲಿ ಸೋಮಾರಿತನ ಕೂಡದು. ಬಿಟ್‌ಲಾಕರ್ ಬೀಗವಿದ್ದರೆ ಅದರ ಕೀಲಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಮೊದಲು ಪೆನ್ ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಿದರೆ ಡಿಸ್ಕಿಗೆ ಏನೂ ಆಗುವುದಿಲ್ಲ. ಇನ್ನೊಂದು ಮಾತು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಸಾಮಾನ್ಯವಾಗಿ ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ನಮಗೆ ವ್ಯತ್ಯಾಸ ಐದೂವರೆ ಗಂಟೆ. ಸಂಜೆ ಐದಕ್ಕೆ, ಅಸರ್ ನಮಾಜಿನ ಹೊತ್ತಿಗೆ, ವಿಂಡೋಸ್ ಬೆಳಗಿನ 11:30 ತೋರಿಸಿದರೆ ಗಾಬರಿಯಾಗಬೇಡಿ. ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಇಡಲು ಹೇಳಿದರೆ ಸರಿಹೋಗುತ್ತದೆ.

ನಮ್ಮಂಥ ಉರ್ದು, ಕನ್ನಡ ಎರಡೂ ಬೆರಳಚ್ಚು ಮಾಡುವವರಿಗೆ ಎರಡು ವ್ಯವಸ್ಥೆ ಬೇಕಾಗುವುದು ಹವ್ಯಾಸಕ್ಕಲ್ಲ. ಉರ್ದುವಿನ ಇನ್‌ಪೇಜ್, ಕನ್ನಡದ ನುಡಿ ಎರಡೂ ವಿಂಡೋಸ್‌ಗಾಗಿ ತಯಾರಾದವು. ಹಳೆಯ ನುಡಿ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸದೆ ಬೇರೆಡೆ ತೆರೆದರೆ ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಹೊಸದಾಗಿ ಬರೆಯುವುದನ್ನು ಯುನಿಕೋಡ್‌ನಲ್ಲಿ ಬರೆದರೆ ಲಿನಕ್ಸ್‌ನಲ್ಲಿ ಕನ್ನಡವೂ ನಸ್ತಾಲೀಖ್ ಉರ್ದುವೂ ಚೆನ್ನಾಗಿಯೇ ಮೂಡುತ್ತವೆ. ಹಳೆಯದಕ್ಕೆ ವಿಂಡೋಸ್, ಹೊಸದಕ್ಕೆ ಲಿನಕ್ಸ್. ಎರಡಕ್ಕೂ ಒಂದೇ ಯಂತ್ರ ಸಾಕು.

ಕಿಲ್ಡಾಲ್ ಅವರಿಗೆ ಹಣದ ಕೊರತೆಯಿರಲಿಲ್ಲ. ಕೊರಗು ಬೇರೆ. 1992ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗ 25 ವರ್ಷ ಪೂರೈಸಿದಾಗ ಮುಖ್ಯ ಭಾಷಣಕ್ಕೆ ಕರೆದದ್ದು ಅಲ್ಲಿಯೇ ಡಾಕ್ಟರೇಟ್ ಪಡೆದ ಇವರನ್ನಲ್ಲ, ಕಾಲೇಜನ್ನು ಅರ್ಧಕ್ಕೆ ಬಿಟ್ಟ ಗೇಟ್ಸ್ ಅವರನ್ನು. ಈ ನೋವಿನಿಂದ ಅವರು ತಮ್ಮ ಆತ್ಮಕಥೆ ಬರೆದು ಮನೆಯವರಿಗೂ ಕೆಲವು ಸ್ನೇಹಿತರಿಗೂ ಹಂಚಿದರು. ಕೊನೆಯ ವರ್ಷಗಳಲ್ಲಿ ಮದ್ಯಪಾನವೂ ಅವರನ್ನು ಹಿಡಿದುಕೊಂಡಿತ್ತು. 1994ರ ಜುಲೈನಲ್ಲಿ ಮಾಂಟೆರೆಯಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನಗಳ ಬಳಿಕ 11ರಂದು ತೀರಿಕೊಂಡರು. ಆಗ ಅವರ ವಯಸ್ಸು 52.

2014ರಲ್ಲಿ ಪೆಸಿಫಿಕ್ ಗ್ರೋವ್‌ನಲ್ಲಿ ಅಂತಾರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆಯಾದ ಐಇಇಇ ಒಂದು ಫಲಕ ನೆಟ್ಟಿತು. 2016ರಲ್ಲಿ ಮಕ್ಕಳ ಒಪ್ಪಿಗೆಯ ಮೇರೆಗೆ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಆತ್ಮಕಥೆಯ ಮೊದಲ ಭಾಗವನ್ನು ಎಲ್ಲರಿಗೂ ಓದಲು ಬಿಟ್ಟುಕೊಟ್ಟಿತು. ತಂದೆ ಕಾಯಿಲೆಯ ದಿನಗಳಲ್ಲಿ ಬರೆದ ಉಳಿದ ಅಧ್ಯಾಯಗಳನ್ನು ಆಗ ಮಕ್ಕಳು ಹೊರಗೆ ಬಿಡಲಿಲ್ಲ.