ಸಿಂಹಾಸನವಿದ್ದೂ ರಾಜ್ಯವಿಲ್ಲದ ದೊರೆ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಜನಿಸಿದುದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಟಿಪ್ಪು ಸುಲ್ತಾನನು ಮಡಿದ ಕೆಲವೇ ವಾರಗಳಲ್ಲಿ, 1799ರ ಜೂನ್ 30ರಂದು, ಐದು ವರ್ಷದ ಬಾಲಕನಿಗೆ ಮೈಸೂರಿನಲ್ಲಿ ಪಟ್ಟಾಭಿಷೇಕವಾಯಿತು. ಆದರೆ ಹುಟ್ಟಿದ ಊರೇ ಆತನಿಗೆ ದಕ್ಕಲಿಲ್ಲ. ಶ್ರೀರಂಗಪಟ್ಟಣದ ದ್ವೀಪವನ್ನು ಕಂಪೆನಿ ಸರ್ಕಾರವು ತನಗಾಗಿ ಇರಿಸಿಕೊಂಡಿತು.

ಆ ಜುಲೈ ತಿಂಗಳಿನ ಒಪ್ಪಂದದಂತೆ ಮೈಸೂರು ಪ್ರತಿವರ್ಷವೂ ಕಂಪೆನಿಯ ಸೈನ್ಯದ ವೆಚ್ಚಕ್ಕೆ 7 ಲಕ್ಷ ವರಹಗಳನ್ನು ತೆರಬೇಕಾಗಿತ್ತು. ಈ ಹಣಕ್ಕೆ ಕುಂದು ಬರುವ ಭಯವುಂಟಾದರೆ ಕಂಪೆನಿಯು ಸೀಮೆಯ ಆಡಳಿತವನ್ನೇ ವಹಿಸಿಕೊಳ್ಳಬಹುದಾಗಿತ್ತು. ಸಿಂಹಾಸನದೊಂದಿಗೆ ಅದನ್ನು ಕಸಿದುಕೊಳ್ಳುವ ಅಸ್ತ್ರವೂ ಸಿದ್ಧವಾಯಿತೆನ್ನಬೇಕು.

ದಿವಾನ್ ಪೂರ್ಣಯ್ಯನವರು 1811ರಲ್ಲಿ ನಿವೃತ್ತರಾದ ಮೇಲೆ ಅರಸರು ತಾವೇ ರಾಜ್ಯಭಾರ ಕೈಗೊಂಡರು. ಅವರು ವಿದ್ಯಾಪಕ್ಷಪಾತಿಗಳು, ಕೆಂಪುನಾರಾಯಣನ ‘ಮುದ್ರಾಮಂಜೂಷ’ವು 1823ರಲ್ಲಿ ರಚಿತವಾದುದು ಅವರ ಕಾಲದಲ್ಲಿಯೇ. ಮೇಲುಕೋಟೆಯ ಚೆಲುವನಾರಾಯಣನಿಗೆ ಅವರು ಒಪ್ಪಿಸಿದ ಕಿರೀಟವು ಕೃಷ್ಣರಾಜಮುಡಿಯೆಂಬ ಹೆಸರಿನಿಂದ ಇಂದಿಗೂ ಪ್ರಸಿದ್ಧ. ಆದರೆ ಔದಾರ್ಯಕ್ಕೆ ಮಿತಿಯಿರಲಿಲ್ಲ, ಬೊಕ್ಕಸ ಬರಿದಾಯಿತು. ‘ಶರ್ತ’ ಪದ್ಧತಿಯಲ್ಲಿ ಅಮಲ್ದಾರನು ಗೊತ್ತಾದ ಹಣವನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕು. ಕಡಮೆಯಾದುದನ್ನು ತಾನೇ ತುಂಬಬೇಕು. ಆ ಭಾರವೆಲ್ಲ ಕಡೆಗೆ ರೈತನ ಬೆನ್ನಿನ ಮೇಲೆ ಬಿದ್ದಿತು.

1830ರಲ್ಲಿ ನಗರದ ಸೀಮೆಯ ರೈತರು ಕೂಟ ಕಟ್ಟಿ ಸಿಡಿದೆದ್ದರು. ಬೂದಿ ಬಸವಪ್ಪನೆಂಬಾತನು ತಾನೇ ನಗರದ ಅರಸನೆಂದು ಸಾರಿಕೊಂಡನು. ದಂಗೆಯನ್ನಡಗಿಸಲು ಬಂದುದು ಕಂಪೆನಿಯ ಸೈನ್ಯವೇ. ಅದೇ ದಂಗೆಯನ್ನು ಕಾರಣವಾಗಿ ತೋರಿ 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯಾಡಳಿತವನ್ನು ಕಸಿದುಕೊಂಡನು. ಪ್ರಜೆಗಳ ಕೋಪ ಅರಸನ ಮೇಲೆ. ಅದರ ಲಾಭ ಪರಕೀಯರಿಗೆ. ಮುಂದೆ ಚೀನಾದಲ್ಲಿಯೂ ಇಂಥದೇ ನಡೆಯಿತು. 1842ರಲ್ಲಿ ಆಂಗ್ಲರಿಗೆ ಸೋತು ದಂಡ ತೆತ್ತ ಚಿಂಗ್ ಮನೆತನವನ್ನು 1850ರಿಂದ 1864ರವರೆಗೆ ತೈಪಿಂಗ್ ದಂಗೆಯು ಒಳಗಿನಿಂದ ಕೊರೆಯಿತು.

ಅಂದಿನಿಂದ ಮೂವತ್ತೇಳು ವರ್ಷ ಒಡೆಯರು ಅರಮನೆಯುಳ್ಳ, ಅಧಿಕಾರವಿಲ್ಲದ ದೊರೆಗಳಾಗಿ ಉಳಿದರು. 1834ರಲ್ಲಿ ಬೆಂಟಿಂಕನೇ ರಾಜ್ಯದ ಒಂದು ಭಾಗವನ್ನು ಹಿಂದಿರುಗಿಸಲು ಸೂಚಿಸಿದರೂ ಲಂಡನ್ನಿನ ನಿರ್ದೇಶಕರು ಒಪ್ಪಲಿಲ್ಲ. ಅರಸರು ಕತ್ತಿ ಹಿಡಿಯಲಿಲ್ಲ. ಬಿನ್ನಹಗಳ ಮೇಲೆ ಬಿನ್ನಹ ಕಳುಹಿಸಿದರು. 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದರು. 1867ರಲ್ಲಿ ಬ್ರಿಟಿಷ್ ಸರ್ಕಾರವು ಕೊನೆಗೂ ಆ ದತ್ತಕವನ್ನು ಮಾನ್ಯ ಮಾಡಿತು. ಮರುವರ್ಷ ಮಾರ್ಚ್ 27ರಂದು ಅರಸರು ಕಾಲವಾದರು.

1881ರಲ್ಲಿ ರಾಜ್ಯವು ಚಾಮರಾಜೇಂದ್ರರ ಕೈಸೇರಿತು. ಶ್ರೀರಂಗಪಟ್ಟಣವೂ ಮೈಸೂರಿಗೆ ಮರಳಿತು. ಆದರೆ ಬದಲಿಗೆ ಬೆಂಗಳೂರಿನ ದಂಡುಪ್ರದೇಶವು ಆಂಗ್ಲರ ಪಾಲಾಯಿತು. ಅರಸರ ದೋಷಗಳನ್ನು ಮರೆಯಬೇಕಾಗಿಲ್ಲ. ಅವುಗಳಿಗೆ ಅವರು ತೆತ್ತ ಬೆಲೆಯನ್ನೂ ಮರೆಯಲಾಗದು.